ಖಜಾನೆಯ ಬೀಗಕ್ಕೆ ಗೋಕಾಕದ ಕೀಲಿಕೈ

ಪ್ರಶ್ನೆ ಹುಟ್ಟಿದ್ದು ಬೆಂಗಳೂರಿನ ನಗರ್ತಪೇಟೆಯ ಒಂದು ಸೀರೆ ಅಂಗಡಿಯಲ್ಲಿ. 2025ರ ಅಕ್ಟೋಬರ್, ದೀಪಾವಳಿಯ ಜನಜಂಗುಳಿ, ಕೈಗಾಡಿಗೂ ಸ್ಕೂಟರಿಗೂ ನಡುವೆ ಗೇಣು ಜಾಗವಿಲ್ಲದ ಗಲ್ಲಿ. ಯಜಮಾನರ ಮಗ ಅಮೆರಿಕದಲ್ಲಿ ಕೆಲಸ ಬದಲಿಸಬೇಕಿತ್ತು. ಹೊಸ ಕಂಪನಿಯವರು ಎಚ್-1ಬಿ ಕಾಗದಪತ್ರ ಹಾಕಲು ಹೋದರೆ ಅಲ್ಲಿನ ಕಾರ್ಮಿಕ ಇಲಾಖೆಯಲ್ಲಿ ಅದನ್ನು ನೋಡುವವರೇ ಇಲ್ಲ. ಬಜೆಟ್ ಪಾಸಾಗಿಲ್ಲ, ಸರ್ಕಾರ ಬಂದ್!

"ಅಲ್ಲಾ ಸಾರ್, ಅಷ್ಟು ದೊಡ್ಡ ಸರ್ಕಾರ, ನಮ್ಮ ಅಂಗಡಿ ಥರ ಷಟರ್ ಎಳೆದುಬಿಡೋದಾ? ನಮ್ಮಲ್ಲೇನು ಜಗಳ ಕಮ್ಮೀನಾ? ನಮ್ಮಲ್ಯಾಕೆ ಹಿಂಗಾಗಲ್ಲ?"

ಈ ಪ್ರಶ್ನೆಯ ಬೆನ್ನು ಹತ್ತಿದ ಮೇಲೆ ನನಗೆ ಸಿಕ್ಕಿದ್ದನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತ ತಿರುಗುತ್ತಿದ್ದೇನೆ. ನಮ್ಮಲ್ಲೂ ಆಗುವುದರಲ್ಲಿತ್ತು! ಒಂದು ಸಲ ಇದೇ ಗಲ್ಲಿಯಿಂದ ಮುಕ್ಕಾಲು ಗಂಟೆ ನಡೆದರೆ ಸಿಗುವ ವಿಧಾನಸೌಧದಲ್ಲಿ, ಗಡುವಿಗೆ ಎರಡೇ ದಿನ ಇದ್ದಾಗ ತಪ್ಪಿತು. ಇನ್ನೊಂದು ಸಲ ದೂರದ ಚಂಡೀಗಢದಲ್ಲಿ ತಪ್ಪಿತು. ಆ ಗಂಟು ಬಿಚ್ಚಿದವರು ಯಾರು ಗೊತ್ತೇ? ಗೋಕಾಕ ತಾಲ್ಲೂಕಿನ ಮಮದಾಪುರದಲ್ಲಿ ಹುಟ್ಟಿದ ಕನ್ನಡಿಗ, ಗಣಿತದ ಮೇಷ್ಟ್ರು!

ಮೊದಲು ಅಮೆರಿಕದ ಸಂಗತಿ ಹೇಳಿಬಿಡುತ್ತೇನೆ, ಯಾಕೆಂದರೆ ಅಲ್ಲೇ ಮೊದಲ ಅಚ್ಚರಿ ಕಾದಿದೆ. ಈ ಬಂದ್ ಎಂಬುದು ಅವರ ಸಂವಿಧಾನದಷ್ಟು ಹಳೆಯದಲ್ಲ. ಸಂಸತ್ತು ಮಂಜೂರು ಮಾಡದ ಹಣವನ್ನು ಇಲಾಖೆಗಳು ಖರ್ಚು ಮಾಡಬಾರದು ಎಂಬ ಕಾನೂನು 1884ರಿಂದಲೂ ಇತ್ತು. ಬಜೆಟ್ ತಡವಾದರೂ, ಇವತ್ತಲ್ಲ ನಾಳೆ ಪಾಸಾಗುತ್ತದೆ ಎಂಬ ಭರವಸೆಯ ಮೇಲೆ ಕಚೇರಿಗಳು ಬಹುಮಟ್ಟಿಗೆ ನಡೆದುಕೊಂಡೇ ಹೋಗುತ್ತಿದ್ದವು. 1980ರಲ್ಲಿ ಅಟಾರ್ನಿ ಜನರಲ್ ಬೆಂಜಮಿನ್ ಸಿವಿಲೆಟ್ಟಿ ಆ ಹಳೆಯ ಕಾನೂನನ್ನು ಅಕ್ಷರಶಃ ಓದಿ ಅಭಿಪ್ರಾಯ ಬರೆದರು: ಮಂಜೂರಾತಿ ಇಲ್ಲದಿದ್ದರೆ ಕೆಲಸ ನಿಲ್ಲಿಸಬೇಕು. ಒಬ್ಬ ಸರ್ಕಾರಿ ವಕೀಲರ ಆ ಕಾಗದದಿಂದ ಬಂದ್‌ಗಳ ಕಾಲ ಶುರುವಾಯಿತು. 2013ರಲ್ಲಿ 16 ದಿನ, 2018-19ರಲ್ಲಿ 35 ದಿನ, 2025ರ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ 43 ದಿನ. ಲಕ್ಷಾಂತರ ನೌಕರರು ಸಂಬಳವಿಲ್ಲದೆ ಮನೆಯಲ್ಲಿ ಕೂತರು, ವಿಮಾನಗಳ ಸಂಚಾರ ನಿಯಂತ್ರಿಸುವವರು ಸಂಬಳವಿಲ್ಲದೆ ಕೆಲಸಕ್ಕೆ ಹೋದರು.

ಈಗ ನಮ್ಮ ಸಂವಿಧಾನ ತೆರೆಯಿರಿ. 266ನೇ ವಿಧಿಯ ಮೂರನೇ ಖಂಡ. ರಾಜ್ಯದ ಸಂಚಿತ ನಿಧಿಯಿಂದ, ಅಂದರೆ ಖಜಾನೆಯಿಂದ, ಕಾನೂನಿನ ಪ್ರಕಾರವಲ್ಲದೆ ಒಂದು ಕಾಸೂ ಹೊರಬರುವಂತಿಲ್ಲ. ಅಮೆರಿಕದಲ್ಲಿರುವ ಬೀಗವೇ ಇಲ್ಲೂ ಇದೆ! ಹೈಕೋರ್ಟ್ ನ್ಯಾಯಾಧೀಶರ ಸಂಬಳ, ಸಾಲದ ಬಡ್ಡಿ, ರಾಜ್ಯಪಾಲರ ವೇತನ ಇವಕ್ಕೆ ಸದನದಲ್ಲಿ ಮತ ಹಾಕುವ ಹಾಗೇ ಇಲ್ಲ, ಆದರೆ ಆ ಹಣ ತೆಗೆಯುವುದಕ್ಕೂ ಧನವಿನಿಯೋಗ ವಿಧೇಯಕ ಪಾಸಾಗಲೇಬೇಕು. ಇದನ್ನು ಓದಿ ನಾನು ಬೆಚ್ಚಿದೆ. ಇಷ್ಟು ಕಟ್ಟುನಿಟ್ಟಿದ್ದೂ ನಮ್ಮ ಖಜಾನೆಗೆ ಬೀಗ ಬಿದ್ದದ್ದೇ ಇಲ್ಲವಲ್ಲ?

ಯಾಕೆಂದರೆ ನಮ್ಮಲ್ಲಿ ಹಣ ಸಿಗದ ಸರ್ಕಾರ ಕುರ್ಚಿಯಲ್ಲೇ ಉಳಿಯುವುದಿಲ್ಲ. ಅಮೆರಿಕದಲ್ಲಿ ಅಧ್ಯಕ್ಷರು ಬೇರೆ ಆರಿಸಿ ಬಂದವರು, ಸಂಸತ್ತು ಬೇರೆ. ಬಜೆಟ್ ಜಗಳದಲ್ಲಿ ಒಬ್ಬರು ಇನ್ನೊಬ್ಬರನ್ನು ಮನೆಗೆ ಕಳಿಸುವಂತಿಲ್ಲ, ಹಾಗಾಗಿ ಇಬ್ಬರೂ ಪಟ್ಟು ಹಿಡಿದು ಕೂರಬಹುದು. ನಮ್ಮಲ್ಲಿ ಅನುದಾನ ಬೇಡಿಕೆಯನ್ನು ಒಂದು ರೂಪಾಯಿಗೆ ಇಳಿಸಬೇಕು ಎಂದು ವಿರೋಧ ಪಕ್ಷದವರು ಸೂಚನೆ ತರಬಹುದು. ಒಂದೇ ಒಂದು ರೂಪಾಯಿ! ಆ ಸೂಚನೆ ಗೆದ್ದರೆ ಸಾವಿರಾರು ಕೋಟಿಯ ಇಲಾಖೆಯ ಜೊತೆ ಇಡೀ ಮಂತ್ರಿಮಂಡಲ ಬಿದ್ದುಹೋಗುತ್ತದೆ. ಆಮೇಲೆ ಹೊಸ ಸರ್ಕಾರ, ಇಲ್ಲದಿದ್ದರೆ ಚುನಾವಣೆ, ಅದೂ ಇಲ್ಲದಿದ್ದರೆ ರಾಷ್ಟ್ರಪತಿ ಆಳ್ವಿಕೆಯಲ್ಲಿ ರಾಜ್ಯದ ಬಜೆಟ್ಟಿಗೆ ದಿಲ್ಲಿಯ ಸಂಸತ್ತಿನ ಒಪ್ಪಿಗೆ. ಪೂರ್ತಿ ಬಜೆಟ್ ಆಗುವವರೆಗೆ ಕೆಲವು ತಿಂಗಳ ಖರ್ಚಿಗೆ ಲೇಖಾನುದಾನ ಎಂಬ ಏರ್ಪಾಡು ಬೇರೆ, 206ನೇ ವಿಧಿಯಲ್ಲಿ. 1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ ಒಂದೇ ಮತದಿಂದ ಬಿತ್ತು. ಬಿದ್ದ ಮೇಲೆ, ಬೀಳಿಸಿದವರೂ ಬಿದ್ದವರೂ ಸೇರಿಕೊಂಡು ಅದೇ ಸರ್ಕಾರದ ಬಜೆಟ್ಟನ್ನು ಚರ್ಚೆಯಿಲ್ಲದೆ ಪಾಸು ಮಾಡಿದರು!

ಹಾಗಾದರೆ 2019ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಏನಾಯಿತು? ಆ ತಿಂಗಳು ನಾವೆಲ್ಲ ಟೀವಿಯಲ್ಲಿ ಬಂಡೆದ್ದ ಶಾಸಕರ ಮುಂಬೈ ಹೋಟೆಲು, ರಾಜೀನಾಮೆ, ವಿಪ್ ಇವನ್ನೇ ನೋಡುತ್ತ ಕೂತಿದ್ದೆವು. ಅದರ ಹಿಂದೆ ಇನ್ನೊಂದು ಗಡಿಯಾರ ಓಡುತ್ತಿತ್ತು. ಮುಖ್ಯಮಂತ್ರಿ ಕುಮಾರಸ್ವಾಮಿ ಫೆಬ್ರವರಿ 8ರಂದು ಮಂಡಿಸಿದ್ದು 2,34,153 ಕೋಟಿ ರೂಪಾಯಿಯ ಬಜೆಟ್. ಖರ್ಚಿಗೆ ಸದನ ಕೊಟ್ಟಿದ್ದ ಒಪ್ಪಿಗೆ ಜುಲೈ 31ಕ್ಕೆ ಮುಗಿಯುತ್ತಿತ್ತು. ಅಷ್ಟರೊಳಗೆ ವಿಧೇಯಕ ಪಾಸಾಗದಿದ್ದರೆ ಆಗಸ್ಟ್ 1ರಿಂದ ಖಜಾನೆಯಿಂದ ಹಣ ತೆಗೆಯುವ ಹಾಗಿಲ್ಲ. ಮೇಷ್ಟ್ರ ಸಂಬಳ, ಪೊಲೀಸರ ಸಂಬಳ, ವಿಧವಾ ವೇತನ, ಆಸ್ಪತ್ರೆಯ ಔಷಧಿ ಎಲ್ಲಕ್ಕೂ ಅದೇ ಗಡುವು. ನಗರ್ತಪೇಟೆಯ ವರ್ತಕರಿಗೆ ಇದರ ಬಿಸಿ ಬಿಡಿಸಿ ಹೇಳಬೇಕಾಗಿಲ್ಲ. ಸರ್ಕಾರಿ ಕೆಲಸದ ಗುತ್ತಿಗೆದಾರ ಉದ್ರಿ ಒಯ್ದ ಮಾಲಿಗೆ "ಬಿಲ್ ಪಾಸಾಗಿಲ್ಲ ಸ್ವಾಮಿ" ಅನ್ನುವುದು ಇಲ್ಲಿ ದಿನನಿತ್ಯ ಕೇಳುವ ಮಾತು. ಆ ವಾರ ಇಡೀ ರಾಜ್ಯವೇ ಆ ಮಾತು ಹೇಳುವುದರಲ್ಲಿತ್ತು.

ತಾರೀಖುಗಳನ್ನು ನೋಡಿ, ಉಸಿರು ಕಟ್ಟುತ್ತದೆ. ಜುಲೈ 18ರಂದು ವಿಶ್ವಾಸಮತ ಮಂಡನೆ. ಚರ್ಚೆ ಎಳೆದು ಎಳೆದು 23ಕ್ಕೆ ಬಂತು, 99ಕ್ಕೆ 105ರಿಂದ ಸರ್ಕಾರ ಸೋತಿತು. 26ಕ್ಕೆ ಯಡಿಯೂರಪ್ಪ ಪ್ರಮಾಣವಚನ. 25 ಮತ್ತು 28ರಂದು ಸ್ಪೀಕರ್ ರಮೇಶ್ ಕುಮಾರ್ ಒಟ್ಟು 17 ಶಾಸಕರನ್ನು ಅನರ್ಹಗೊಳಿಸಿದರು. 29ರ ಸೋಮವಾರ ಹೊಸ ಸರ್ಕಾರ ಧ್ವನಿಮತದಿಂದ ವಿಶ್ವಾಸ ಗೆದ್ದಿತು, ಆ ಕೂಡಲೇ ಹಣಕಾಸು ವಿಧೇಯಕ. ಯಾರು ಬರೆದದ್ದು? ಆರು ದಿನ ಹಿಂದೆ ಸೋತ ಕುಮಾರಸ್ವಾಮಿಯವರ ಕಾಲದಲ್ಲಿ ಸಿದ್ಧವಾದದ್ದು! ಅದರಲ್ಲಿ ಅಲ್ಪವಿರಾಮವನ್ನೂ ಬದಲಿಸಿಲ್ಲ ಎಂಬರ್ಥದ ಮಾತನ್ನು ಯಡಿಯೂರಪ್ಪ ಸದನದಲ್ಲೇ ಹೇಳಿದರು. ತಿಂಗಳುಗಟ್ಟಲೆ ಒಬ್ಬರ ಮುಖ ಒಬ್ಬರು ನೋಡದವರು ಚರ್ಚೆಯಿಲ್ಲದೆ ಅದನ್ನು ಪಾಸು ಮಾಡಿದರು. ಅದಾದ ಮೇಲೆ ರಮೇಶ್ ಕುಮಾರ್ ರಾಜೀನಾಮೆ ಕೊಟ್ಟು ಪೀಠದಿಂದ ಇಳಿದರು. ಆ ಮಧ್ಯಾಹ್ನ ಹೆಚ್ಚು ಸುದ್ದಿಯಾದದ್ದು ವಿಶ್ವಾಸಮತ. ನನ್ನ ಮಟ್ಟಿಗೆ ಅವತ್ತಿನ ದೊಡ್ಡ ಸುದ್ದಿ ಈ ವಿಧೇಯಕವೇ. ಹಾಗೆಂದು ಆಯಿತಲ್ಲ ಎಂದು ಸುಮ್ಮನಿರುವ ಹಾಗೂ ಇಲ್ಲ. ಗಡುವು ತಲೆಯ ಮೇಲಿದ್ದರಿಂದ ಲಕ್ಷಾಂತರ ಕೋಟಿಯ ಲೆಕ್ಕವನ್ನು ಯಾರೂ ಒಂದು ಪ್ರಶ್ನೆಯನ್ನೂ ಕೇಳದೆ ಒಪ್ಪಿಬಿಟ್ಟರು. ಬಾಗಿಲು ಮುಚ್ಚದಿರಲು ನಾವು ತೆತ್ತ ಬೆಲೆ ಅದು.

ಇನ್ನು ಮಮದಾಪುರದ ಮೇಷ್ಟ್ರ ಕಥೆ. ಇದು ಗೊತ್ತಾದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ದಾದಪ್ಪ ಚಿಂತಪ್ಪ ಪಾವಟೆ, ಡಿ.ಸಿ. ಪಾವಟೆ, 1899ರಲ್ಲಿ ಹುಟ್ಟಿದವರು. ಕೇಂಬ್ರಿಜ್‌ನಲ್ಲಿ ಗಣಿತ ಓದಿ, ಮೊದಲ ದರ್ಜೆಯಲ್ಲಿ ತೇರ್ಗಡೆಯಾಗಿ ರ‍್ಯಾಂಗ್ಲರ್ ಆದವರು. 1954ರಿಂದ 1967ರವರೆಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿ. ಇವತ್ತಿಗೂ ಆ ವಿಶ್ವವಿದ್ಯಾಲಯದ ವಿಳಾಸದಲ್ಲಿ ಪಾವಟೆನಗರ ಎಂದೇ ಬರೆಯುತ್ತಾರೆ. ಆ ವಿಳಾಸ ಬರೆದ ಎಷ್ಟು ಸಾವಿರ ವಿದ್ಯಾರ್ಥಿಗಳಿಗೆ ಮುಂದಿನದ್ದು ಗೊತ್ತಿದೆಯೋ! 1967ರ ಅಕ್ಟೋಬರಿನಲ್ಲಿ ಅವರು ಪಂಜಾಬಿನ ರಾಜ್ಯಪಾಲರಾದರು. ಐದೇ ತಿಂಗಳಿಗೆ ಬಂತು ಅಗ್ನಿಪರೀಕ್ಷೆ.

ಲಛಮನ್ ಸಿಂಗ್ ಗಿಲ್ ಅವರ ಅಲ್ಪಸಂಖ್ಯಾತ ಸರ್ಕಾರ, ಹೊರಗಿನಿಂದ ಕಾಂಗ್ರೆಸ್ ಬೆಂಬಲ. 1968ರ ಮಾರ್ಚ್ 6ರಂದು ಸ್ಪೀಕರ್ ಜೋಗಿಂದರ್ ಸಿಂಗ್ ಮಾನ್ ಅವರ ವಿರುದ್ಧವೇ ಅವಿಶ್ವಾಸ ಸೂಚನೆ ಬಂತು. ಮರುದಿನ ಗದ್ದಲದ ನಡುವೆ ಸ್ಪೀಕರ್ ಸದನವನ್ನು ಎರಡು ತಿಂಗಳು ಮುಂದೂಡಿದರು. ಎರಡು ತಿಂಗಳು! ಹಣಕಾಸು ವರ್ಷ ಮುಗಿಯುವುದು ಮಾರ್ಚ್ 31ಕ್ಕೆ, ಬಜೆಟ್ ಇನ್ನೂ ಪಾಸಾಗಿಲ್ಲ. ಒಬ್ಬ ಸ್ಪೀಕರ್ ಎದ್ದು ಹೋದರೆ ಇಡೀ ರಾಜ್ಯದ ಖಜಾನೆಗೆ ಬೀಗ. ಸದನವನ್ನು ಮತ್ತೆ ಕರೆಯಲು ಸ್ಪೀಕರ್ ಒಪ್ಪಬೇಕು, ಅವರು ಒಪ್ಪುವುದಿಲ್ಲ.

ಬಿಡಿಸಿದ ರೀತಿ ನೋಡಿ, ಥೇಟು ಪ್ರಮೇಯ ಸಾಧಿಸಿದಂತೆ. ಸುಗ್ರೀವಾಜ್ಞೆ ಹೊರಡಿಸಬೇಕೆಂದರೆ ಅಧಿವೇಶನ ನಡೆಯುತ್ತಿರಬಾರದು. ಸದನ ಮುಂದೂಡಿದ್ದರೂ ಅಧಿವೇಶನ ಮುಗಿದಂತಲ್ಲ. ಆದ್ದರಿಂದ ಮಾರ್ಚ್ 11ರಂದು ರಾಜ್ಯಪಾಲರು 174ನೇ ವಿಧಿಯ ಕೆಳಗೆ ಅಧಿವೇಶನವನ್ನೇ ಕೊನೆಗೊಳಿಸಿದರು. ಈಗ 213ನೇ ವಿಧಿಯ ಬಾಗಿಲು ತೆರೆಯಿತು. 13ರಂದು ಸುಗ್ರೀವಾಜ್ಞೆ. ಅದಕ್ಕೆ ಆಧಾರ, ಯಾರೂ ಅಷ್ಟಾಗಿ ಕಣ್ಣೆತ್ತಿ ನೋಡದ 209ನೇ ವಿಧಿ: ಹಣಕಾಸಿನ ಕೆಲಸ ಹೊತ್ತಿಗೆ ಸರಿಯಾಗಿ ಮುಗಿಯಲೆಂದು ಸದನದ ಕಲಾಪವನ್ನು ಕಾನೂನಿನಿಂದ ನಿಯಂತ್ರಿಸಬಹುದು, ಸದನದ ನಿಯಮಕ್ಕೂ ಆ ಕಾನೂನಿಗೂ ತಿಕ್ಕಾಟ ಬಂದರೆ ಕಾನೂನೇ ಮೇಲು. ಸುಗ್ರೀವಾಜ್ಞೆಯ ತಿರುಳು ಇಷ್ಟೇ: ಹಣಕಾಸಿನ ಕೆಲಸ ಮುಗಿಯುವ ತನಕ ಸದನದ ಒಪ್ಪಿಗೆಯಿಲ್ಲದೆ ಸದನವನ್ನು ಮುಂದೂಡುವಂತಿಲ್ಲ. 14ರಂದು ಕರೆ ಹೋಯಿತು, 18ಕ್ಕೆ ಸದನ ಸೇರಿತು. ಸ್ಪೀಕರ್ ತಮ್ಮ ಹಳೆಯ ತೀರ್ಪೇ ಊರ್ಜಿತ ಎಂದು ಸಾರಿ ಹೊರನಡೆದರು. ಉಪಸಭಾಧ್ಯಕ್ಷ ಬಲದೇವ್ ಸಿಂಗ್ ಕಲಾಪ ನಡೆಸಿದರು, ಧನವಿನಿಯೋಗ ವಿಧೇಯಕಗಳು ಪಾಸಾದವು. ಮಾರ್ಚ್ 31ಕ್ಕೆ ಇನ್ನೂ 13 ದಿನ ಬಾಕಿ!

ಕಥೆ ಅಲ್ಲಿಗೆ ಮುಗಿಯಲಿಲ್ಲ. ಕಮ್ಯುನಿಸ್ಟ್ ನಾಯಕ ಸತ್ಯಪಾಲ್ ಡಾಂಗ್ ಮತ್ತಿತರರು ಕೋರ್ಟಿಗೆ ಹೋದರು. ಮೇ 10ರಂದು ಹೈಕೋರ್ಟ್ ಆ ಕಾಯ್ದೆಗಳನ್ನೇ ಅಸಿಂಧು ಮಾಡಿತು. ರಾಜ್ಯ ಆಗಲೇ ಖರ್ಚು ಮಾಡುತ್ತಿದ್ದ ಹಣಕ್ಕೆ ಆಧಾರವೇ ಕುಸಿಯಿತು. ಜುಲೈ 30ರಂದು ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಅವರ ಸುಪ್ರೀಂ ಕೋರ್ಟ್ ಪೀಠ ಆ ತೀರ್ಪನ್ನು ತಿರುಗಿಸಿ ಪಾವಟೆಯವರ ಹೆಜ್ಜೆಗಳೆಲ್ಲ ಸಂವಿಧಾನಬದ್ಧ ಎಂದಿತು. ಸ್ಪೀಕರ್ ಒಬ್ಬರ ಹಟದಿಂದ ರಾಜ್ಯದ ಖರ್ಚಿಗೆ ತಡೆ ಬೀಳಬಾರದು ಎಂಬುದಕ್ಕೆ ನಮಗಿರುವ ದಾರಿ ಈ ಮೊಕದ್ದಮೆಯಲ್ಲಿ ಖಚಿತವಾಯಿತು. ಮಂತ್ರಿಮಂಡಲದ ಸಲಹೆಯಂತೆ ರಾಜ್ಯಪಾಲರು ನಡೆದುಕೊಂಡರು ಎಂಬುದನ್ನು ಮರೆಯಬಾರದು. ಸದನದ ತಲೆಯ ಮೇಲೆ ಸುಗ್ರೀವಾಜ್ಞೆ ತರುವುದು ಅಪಾಯದ ಆಟ ಎಂದವರ ಮಾತಿನಲ್ಲೂ ಹುರುಳಿತ್ತು. ಆದರೂ ಆ ನಾಲ್ಕು ದಿನಗಳ ಹೆಜ್ಜೆ ಹೆಜ್ಜೆಯ ಖಚಿತತೆಗೆ ನಾನು ಮನಸೋತಿದ್ದೇನೆ. ಗಂಟು ಎಲ್ಲ ಸಲ ಹೀಗೆ ಬಿಚ್ಚುವುದಿಲ್ಲ. 2016ರ ಮಾರ್ಚಿನಲ್ಲಿ ಉತ್ತರಾಖಂಡದಲ್ಲಿ ಧನವಿನಿಯೋಗ ವಿಧೇಯಕ ಪಾಸಾಯಿತೋ ಇಲ್ಲವೋ ಎಂಬುದೇ ಜಗಳವಾಗಿ, ರಾಷ್ಟ್ರಪತಿ ಆಳ್ವಿಕೆ ಬಂದು, ಹಣಕಾಸು ವರ್ಷದ ಕಡೆಯ ದಿನ ಸುಗ್ರೀವಾಜ್ಞೆಯಿಂದ ಖರ್ಚಿಗೆ ದಾರಿ ಮಾಡಬೇಕಾಯಿತು.

ಇಷ್ಟೆಲ್ಲ ತಿಳಿದ ಮೇಲೆ ನಗರ್ತಪೇಟೆಯ ಮನೆಬಾಗಿಲಿಗೇ ಕಣ್ಣು ಹೊರಳಿತು. ಕರಗ ಹೊರಡುವ ಧರ್ಮರಾಯಸ್ವಾಮಿ ದೇವಸ್ಥಾನದ ಹೆಸರಿನದೇ ವಾರ್ಡು ಇಲ್ಲಿತ್ತು. ಪುರಭವನ ಕೂಗಳತೆಯಲ್ಲಿದೆ. 2025ರ ಮಾರ್ಚ್ 29ರಂದು ಅಲ್ಲೇ ಬೆಂಗಳೂರು ಪಾಲಿಕೆಯ 19,927 ಕೋಟಿ ರೂಪಾಯಿಯ ಬಜೆಟ್ ಮಂಡನೆಯಾಯಿತು. ಮಂಡಿಸಿದವರು ಅಧಿಕಾರಿ, ಒಪ್ಪಿದವರು ಆಡಳಿತಾಧಿಕಾರಿ. ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೇ ಮುಗಿದಿತ್ತು. ಖಜಾನೆಗೆ ಬೀಗ ಬೀಳುವ ಭಯವೇ ಇಲ್ಲ, ಯಾಕೆಂದರೆ ಬೇಡ ಎನ್ನುವವರು ಒಬ್ಬರೂ ಇಲ್ಲ! ವಾಷಿಂಗ್ಟನ್ನಿನ 43 ದಿನಗಳಿಗಿಂತ ಈ ನಿಶ್ಶಬ್ದದ ವರ್ಷಗಳು ನನ್ನನ್ನು ಹೆಚ್ಚು ಕಂಗೆಡಿಸಿವೆ.

2025ರ ಸೆಪ್ಟೆಂಬರಿನಲ್ಲಿ ಪಾಲಿಕೆ ಐದಾಗಿದೆ. ಆರಿಸಿ ಬಂದವರು ಕೂತು ಬಜೆಟ್ ಚರ್ಚಿಸುವ ಮೊದಲ ದಿನ ನಾನು ಪ್ರೇಕ್ಷಕರ ಸಾಲಿನಲ್ಲಿರಬೇಕು. ಪೇಟೆಯ ಸದಸ್ಯರೊಬ್ಬರು ಎದ್ದು ನಿಂತು, ನಮ್ಮ ಗಲ್ಲಿಯ ಒಳಚರಂಡಿಗೆ ಎಷ್ಟು ಇಟ್ಟಿದ್ದೀರಿ ಎಂದು ಕೇಳಿ, ಉತ್ತರ ಬರುವ ತನಕ ಕೂರದೆ, ಗಂಟಲು ಕಟ್ಟುವ ಹಾಗೆ ಜಗಳವಾಡುವುದನ್ನು ಕಿವಿಯಾರೆ ಕೇಳಬೇಕು.