ಕೃತಕ ಬಿಸಿಲೂ ಹೃದ್ರೋಗಿಗಳೂ

ಯುರೋಪ, ಅಮೇರಿಕಾ ಖಂಡಗಳ ತಂಪು ನಾಡುಗಳಲ್ಲಿ ಬಿಳಿಯ ಮೈಯನ್ನು ಕಂದುಬಣ್ಣಕ್ಕೆ ತಿರುಗಿಸಿಕೊಳ್ಳುವದು ಬಹುಕಾಲದಿಂದ ಸೊಗಸಿನ ಗುರುತಾಗಿದೆ. ಬಿಸಿಲು ಸಾಲದ ಊರುಗಳಲ್ಲಿ ಇದಕ್ಕಾಗಿಯೇ ಅಂಗಡಿಗಳುಂಟು. ಅಲ್ಲಿ ನೇರಳಾತೀತ ಕಿರಣಗಳನ್ನು ಸೂಸುವ ದೀಪಗಳಿಂದ ಕೂಡಿದ, ಪೆಟ್ಟಿಗೆಯಂಥ ಮಂಚದಲ್ಲಿ ಗಿರಾಕಿಯು ಕೆಲವು ನಿಮಿಷ ಮಲಗಿ, ಹಣ ತೆತ್ತು ಹೊರಡುತ್ತಾನೆ. ಮೈಯನ್ನು ಬೆಳ್ಳಗಾಗಿಸುವ ಲೇಪಗಳಿಗೆ ಹಣ ಸುರಿಯುವ ನಾವು ಇದನ್ನು ಕೇಳಿ ನಗುವ ಕಾರಣವಿಲ್ಲ. ಹೃದಯದ ಬೇನೆಯುಳ್ಳವರು ಈ ಮಂಚವನ್ನೇರಬಹುದೆ ಎಂಬ ಪ್ರಶ್ನೆಯಂತೂ ನಗೆಯ ಮಾತಲ್ಲ, ಜೀವದ ಮಾತು.

ಬೆಳಕು ಔಷಧವೆಂಬದು ಸುಳ್ಳಲ್ಲ. ಡೆನ್ಮಾರ್ಕಿನಲ್ಲಿ ಚರ್ಮದ ಕ್ಷಯಕ್ಕೆ ಬೆಳಕಿನ ಚಿಕಿತ್ಸೆಯನ್ನು ರೂಢಿಗೆ ತಂದ ವೈದ್ಯ ನೀಲ್ಸ್ ಫಿನ್ಸೆನ್‌ರಿಗೆ 1903ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ಸ್ವತಃ ಹೃದಯದ ತೊಂದರೆಯಿಂದ ನರಳುತ್ತಿದ್ದ ಆ ಮಹನೀಯರು ಮರುವರ್ಷವೇ, 43ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆದರೆ ವೈದ್ಯನು ಅಳೆದು, ರೋಗದ ಜಾಗಕ್ಕೆ ಹಾಯಿಸುವ ಬೆಳಕು ಬೇರೆ. ಅಂಗಡಿಕಾರನು ಮೈತುಂಬ ಮಾರುವ ಬೆಳಕು ಬೇರೆ.

ನೇರಳಾತೀತ ಕಿರಣಗಳಿಂದ ರಕ್ತದೊತ್ತಡವು ಇಳಿಯುವದೆಂಬ ವಾದವೊಂದುಂಟು. 2014ರಲ್ಲಿ ಪ್ರಕಟವಾದ ಸೌತಾಂಪ್ಟನ್, ಎಡಿನ್‌ಬರೋ ವಿದ್ವಾಂಸರ ಪ್ರಯೋಗದಲ್ಲಿ ಚರ್ಮದೊಳಗಿನ ನೈಟ್ರಿಕ್ ಆಕ್ಸೈಡ್ ರಕ್ತಕ್ಕೆ ಸೇರಿ ಒತ್ತಡವು ಸ್ವಲ್ಪ ಇಳಿದದ್ದು ನಿಜ. ಆದರೆ ಅದಕ್ಕೆ ಒಳಪಟ್ಟವರು 24 ಜನ, ಅವರೆಲ್ಲರೂ ಆರೋಗ್ಯವಂತರು. ಅದರಿಂದ ಹೃದ್ರೋಗಿಗೆ ಅಭಯಪತ್ರ ಬರೆದುಕೊಡಲಾಗದು. ಡಿ ಜೀವಸತ್ವದ ಹೆಸರನ್ನೂ ಎತ್ತುವದುಂಟು. ಅಮೇರಿಕೆಯಲ್ಲಿ 25,871 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಆ ಜೀವಸತ್ವದ ಗುಳಿಗೆಗಳಿಂದಲೂ ಹೃದಯಾಘಾತಗಳು ಕಡಿಮೆಯಾಗಲಿಲ್ಲ. ಅದರ ಕೊರತೆಯಿದ್ದವರಿಗೆ ಗುಳಿಗೆಯೇ ಸಾಕು, ಮಂಚ ಬೇಡ.

ಇನ್ನು ಅಪಾಯದ ಕಡೆಯನ್ನು ನೋಡೋಣ. ಮಂಚದೊಳಗೆ ಮೈ ಕಾದಂತೆ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಬೆವರು ಹರಿದು ನೀರಿನ ಅಂಶವು ತಗ್ಗುತ್ತದೆ. ಒತ್ತಡವನ್ನು ಕಾಯ್ದುಕೊಳ್ಳಲು ಹೃದಯವು ಹೆಚ್ಚು ವೇಗದಿಂದ ದುಡಿಯಬೇಕಾಗುತ್ತದೆ. ಗಟ್ಟಿ ಹೃದಯಕ್ಕೆ ಇದು ಹಗುರ. ಸೋತ ಹೃದಯಕ್ಕೂ, ನಾಳಗಳು ಕಿರಿದಾದವರಿಗೂ ಭಾರ. ಒತ್ತಡವಿಳಿಸುವ ಗುಳಿಗೆ, ಮೂತ್ರ ಹೆಚ್ಚಿಸುವ ಗುಳಿಗೆಗಳನ್ನು ಸೇವಿಸುವವರು ಥಟ್ಟನೆ ಎದ್ದು ನಿಂತರೆ ಕಣ್ಣು ಕತ್ತಲಿಟ್ಟು ಬೀಳಬಹುದು.

ಇದಕ್ಕಿಂತಲೂ ಗೂಢವಾದ ಕೇಡು ಔಷಧಗಳಲ್ಲಿಯೇ ಅಡಗಿದೆ. ಹೃದಯದ ಬಡಿತದ ಲಯವನ್ನು ತಿದ್ದುವ ಅಮಿಯೊಡರೋನ್ ಚರ್ಮವನ್ನು ಬೆಳಕಿಗೆ ಅತಿ ನಾಜೂಕಾಗಿಸುವದು. ಸೇವನೆಯನ್ನು ನಿಲ್ಲಿಸಿದ ಮೇಲೆಯೂ ಅದರ ಪ್ರಭಾವವು ತಿಂಗಳುಗಟ್ಟಲೆ ಉಳಿಯಬಹುದು. ರಕ್ತದೊತ್ತಡಕ್ಕೆ ನಮ್ಮ ನಾಡಿನಲ್ಲಿಯೂ ಕೊಡುವ ಹೈಡ್ರೋಕ್ಲೋರೋಥಯಾಜೈಡ್ ಬಗ್ಗೆ ಯುರೋಪದ ಔಷಧಾಧಿಕಾರಿಗಳು 2018ರಲ್ಲಿಯೂ, ಅಮೇರಿಕೆಯವರು 2020ರಲ್ಲಿಯೂ ಚರ್ಮದ ಕ್ಯಾನ್ಸರಿನ ಎಚ್ಚರಿಕೆಯನ್ನು ಕೊಟ್ಟಿದ್ದಾರೆ. ಹೃದಯದ ಕಸಿ ಮಾಡಿಸಿಕೊಂಡವರ ಮೈಯ ರಕ್ಷಣಾಶಕ್ತಿಯನ್ನು ಔಷಧದಿಂದ ತಗ್ಗಿಸಿರುವದರಿಂದ ಅವರಿಗೆ ಈ ಭಯವು ಇನ್ನೂ ಹೆಚ್ಚು.

ಮಂಚದ ಸ್ವಂತ ದೋಷವಂತೂ ನಿರ್ವಿವಾದ. ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆಯು 2009ರಲ್ಲಿ ಇದನ್ನು ತಂಬಾಕಿನ ಸಾಲಿನಲ್ಲಿಯೇ, ಮನುಷ್ಯರಿಗೆ ಕ್ಯಾನ್ಸರ್ ತರುವದೆಂದು ಖಚಿತವಾದ ವರ್ಗದಲ್ಲಿ ಇರಿಸಿತು. ಅದೇ ವರ್ಷ ಬ್ರಾಝಿಲ್ ಸೌಂದರ್ಯಕ್ಕಾಗಿ ಇದರ ಬಳಕೆಯನ್ನು ನಿಷೇಧಿಸಿತು. ಇಂಗ್ಲಂಡ, ವೇಲ್ಸ್‌ಗಳಲ್ಲಿ 2010ರ ಕಾಯಿದೆಯು 18 ವರ್ಷದೊಳಗಿನವರಿಗೆ ಬಾಗಿಲು ಮುಚ್ಚಿತು. ಎಳೆಯರನ್ನು ಕಾಯ್ದ ಕಾಯಿದೆಯನ್ನು ನಾವು ಮೆಚ್ಚುತ್ತೇವೆ. ಆದರೆ ವಯಸ್ಸನ್ನು ಕೇಳಿದಷ್ಟಕ್ಕೆ ಹೃದ್ರೋಗಿಯ ರಕ್ಷಣೆಯಾಗದು. ಅವನ ಜೇಬಿನಲ್ಲಿರುವ ಗುಳಿಗೆಯ ಗುಣವನ್ನು ಅಂಗಡಿಕಾರನು ಬಲ್ಲನೇ?

ಆದುದರಿಂದ ನಮ್ಮ ಅಭಿಪ್ರಾಯವು ಸ್ಪಷ್ಟ: ಹೃದಯದ ಬೇನೆಯುಳ್ಳವರು ಈ ಮಂಚದಿಂದ ದೂರವಿರುವದೇ ಮೇಲು. ಬಣ್ಣವೇ ಬೇಕೆಂಬವರಿಗೆ ಕಿರಣವಿಲ್ಲದ ಲೇಪಗಳುಂಟು. ಚರ್ಮರೋಗಕ್ಕೆ ಬೆಳಕಿನ ಚಿಕಿತ್ಸೆ ಬೇಕಾದರೆ, ಸೇವಿಸುವ ಔಷಧಗಳನ್ನೆಲ್ಲ ತಿಳಿಸಿ ಆಸ್ಪತ್ರೆಯಲ್ಲಿಯೇ ಪಡೆಯಬೇಕು. ಇದನ್ನು ಓದಿ ಹೆದರಿ ಯಾರೂ ತಮ್ಮ ಗುಳಿಗೆಯನ್ನು ತಾವಾಗಿ ಬಿಡಕೂಡದು. ಬಿಡಬೇಕಾದುದು ಗುಳಿಗೆಯನ್ನಲ್ಲ, ಮಂಚವನ್ನು.