ಕೆಲಸ ಕಸಿಯುವ ಯಂತ್ರವೋ, ಕೈಜೋಡಿಸುವ ಯಂತ್ರವೋ?

ಮನೆಗೆ ಗ್ರೈಂಡರ್ ಬಂದ ಮೇಲೆ ಅರೆಯುವ ಕಲ್ಲಿನ ಮುಂದೆ ಕುಳಿತು ತೋಳು ನೋಯಿಸಿಕೊಳ್ಳುವ ಕಷ್ಟ ತಪ್ಪಿತು. ಆದರೆ ಹಿಟ್ಟು ನುಣ್ಣಗಾಯಿತೇ, ನೀರು ಸಾಕೇ ಎಂದು ಮುಟ್ಟಿ ನೋಡುವ ಕೆಲಸ ಗೃಹಿಣಿಯ ಕೈಯಲ್ಲೇ ಉಳಿಯಿತು. ಶ್ರಮ ಯಂತ್ರಕ್ಕೆ, ಹದ ಮನುಷ್ಯರಿಗೆ. ಇಷ್ಟು ಸರಳವಾದ ಹಂಚಿಕೆಯನ್ನು ಕಲಿಯಲು ದೊಡ್ಡ ದೊಡ್ಡ ಕಾರ್ಖಾನೆಗಳು ಭಾರೀ ಬೆಲೆ ತೆರಬೇಕಾಯಿತು.

ಕಾರ್ಖಾನೆಗೆ ಹೊಸ ಯಂತ್ರ ಬರುತ್ತದೆಂದರೆ ಕಾರ್ಮಿಕರ ಮನೆಗಳಲ್ಲಿ ಆತಂಕ ಮೂಡುತ್ತದೆ. ಅದು ಸಹಜ. ಆದರೆ ಯಂತ್ರವು ಮನುಷ್ಯನ ಎದುರಾಳಿಯೇ ಆಗಬೇಕೆಂದಿಲ್ಲ. ಅದನ್ನು ಹೇಗೆ ರೂಪಿಸುತ್ತಾರೆ, ಯಾರ ಹಿತ ನೋಡಿ ರೂಪಿಸುತ್ತಾರೆ ಎಂಬುದೇ ಮುಖ್ಯ.

ತಾಯಿಯ ಮಗ್ಗದಿಂದ ಆರಂಭ

ಜಪಾನಿನ ಸಕಿಚಿ ಟೊಯೊಡ 1867ರಲ್ಲಿ ಬಡಗಿಯೊಬ್ಬರ ಮಗನಾಗಿ ಹುಟ್ಟಿದರು. ತಾಯಿ ಮಗ್ಗದಲ್ಲಿ ದುಡಿಯುವುದನ್ನು ಕಂಡು ಬೆಳೆದ ಅವರು 1890ರಲ್ಲಿ ಒಂದೇ ಕೈಯಿಂದ ನಡೆಸಬಹುದಾದ ಮರದ ಮಗ್ಗವನ್ನು ತಯಾರಿಸಿದರು. 1924ರಲ್ಲಿ ಪೂರ್ಣಗೊಂಡ ಅವರ ಸ್ವಯಂಚಾಲಿತ ಮಗ್ಗದಲ್ಲಿ ಒಂದು ವಿಶೇಷವಿತ್ತು. ನೂಲು ಹರಿದರೆ ಅದು ತಾನಾಗಿಯೇ ನಿಂತುಬಿಡುತ್ತಿತ್ತು. ಹಾಗಾಗಿ ಬಟ್ಟೆ ಹಾಳಾಗುತ್ತಿರಲಿಲ್ಲ. ಇಡೀ ದಿನ ಮಗ್ಗವನ್ನೇ ದಿಟ್ಟಿಸುತ್ತಾ ನಿಲ್ಲುವ ಶಿಕ್ಷೆಯೂ ತಪ್ಪಿತು.

ಟೊಯೊಟ ಕಾರು ಕಂಪೆನಿ ಈ ತತ್ವವನ್ನು 'ಜಿದೋಕ' ಎಂದು ಕರೆಯುತ್ತದೆ. ಜಪಾನಿ ಲಿಪಿಯಲ್ಲಿ 'ಸ್ವಯಂಚಾಲನೆ' ಎಂಬ ಪದದ ಒಂದು ಅಕ್ಷರಕ್ಕೆ 'ಮನುಷ್ಯ' ಎಂಬ ಚಿಹ್ನೆಯನ್ನು ಸೇರಿಸಿ ಈ ಪದವನ್ನು ಬರೆಯುತ್ತಾರೆ. ತಪ್ಪಾದಾಗ ಯಂತ್ರ ನಿಲ್ಲಬೇಕು, ಮನುಷ್ಯನನ್ನು ಕರೆಯಬೇಕು ಎಂಬುದೇ ಇದರ ಸಾರ.

ಒಂದೇ ಕಾರ್ಖಾನೆ, ಎರಡು ಪಾಠ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫ್ರೀಮಾಂಟ್ ಎಂಬ ಊರಿದೆ. ಅಲ್ಲಿನ ಜನರಲ್ ಮೋಟಾರ್ಸ್ ಕಾರ್ಖಾನೆ 1982ರಲ್ಲಿ ಮುಚ್ಚಿತು. 1984ರಲ್ಲಿ ಟೊಯೊಟ ಮತ್ತು ಜನರಲ್ ಮೋಟಾರ್ಸ್ ಜೊತೆಗೂಡಿ ಅದನ್ನು ಮತ್ತೆ ತೆರೆದವು. ಕೆಲಸಕ್ಕೆ ಬಂದವರಲ್ಲಿ ಹೆಚ್ಚಿನವರು ಹಿಂದಿನ ಕಾರ್ಮಿಕರೇ. ಆದರೆ ಈ ಬಾರಿ ಅವರ ಕೈಗೆಟಕುವಂತೆ ಒಂದು ಹಗ್ಗವಿತ್ತು. ದೋಷ ಕಂಡರೆ ಯಾವ ಕಾರ್ಮಿಕರೂ ಅದನ್ನು ಎಳೆಯಬಹುದಿತ್ತು. ಕೂಡಲೇ ತಂಡದ ಮುಖ್ಯಸ್ಥರು ನೆರವಿಗೆ ಬರುತ್ತಿದ್ದರು. ಸರಿಹೋಗದಿದ್ದರೆ ಇಡೀ ಸಾಲೇ ನಿಲ್ಲುತ್ತಿತ್ತು. ಕೆಲಸಗೇಡಿಗಳೆಂದು ಹೆಸರು ಪಡೆದಿದ್ದ ಅದೇ ಜನ ಗುಣಮಟ್ಟದ ಕಾರುಗಳನ್ನು ತಯಾರಿಸಿ ತೋರಿಸಿದರು. 1988ರಲ್ಲಿ ಮಾರಾಟ ಕುಸಿದಾಗಲೂ ಕಂಪೆನಿ ಅವರನ್ನು ಮನೆಗೆ ಕಳುಹಿಸಲಿಲ್ಲ, ತರಬೇತಿ ನೀಡಿತು.

2010ರಲ್ಲಿ ಆ ಕಾರ್ಖಾನೆ ಮುಚ್ಚಿ, ಕಟ್ಟಡ ಟೆಸ್ಲಾ ಕಂಪೆನಿಯ ಪಾಲಾಯಿತು. ಹೊಸ ಕಾರೊಂದರ ತಯಾರಿಕೆಗೆ ಟೆಸ್ಲಾ ಸಾಧ್ಯವಾದಲ್ಲೆಲ್ಲ ರೋಬೋಟ್‌ಗಳನ್ನು ನಿಲ್ಲಿಸಿತು. ಫಲವಾಗಿ ಕೆಲಸ ವೇಗ ಪಡೆಯುವ ಬದಲು ಕುಂಟತೊಡಗಿತು. ಬಿಡಿಭಾಗಗಳನ್ನು ಸಾಗಿಸುವ ಜಟಿಲ ವ್ಯವಸ್ಥೆಯನ್ನು ಕಿತ್ತುಹಾಕಬೇಕಾಯಿತು. ಯಾಂತ್ರೀಕರಣ ಅತಿಯಾಯಿತು, ಮನುಷ್ಯರನ್ನು ಕಡೆಗಣಿಸಿದ್ದು ತಪ್ಪಾಯಿತು ಎಂದು ಕಂಪೆನಿಯ ಮುಖ್ಯಸ್ಥ ಎಲಾನ್ ಮಸ್ಕ್ 2018ರ ಎಪ್ರಿಲ್‌ನಲ್ಲಿ ಬಹಿರಂಗವಾಗಿ ಒಪ್ಪಿಕೊಂಡರು.

ಯಾವ ಕೆಲಸ ಯಾರಿಗೆ?

ಹಿಂದೆ ರೋಬೋಟ್‌ಗಳನ್ನು ಬೇಲಿಯೊಳಗೆ ಇಡುತ್ತಿದ್ದರು; ಹತ್ತಿರ ಹೋದರೆ ಜೀವಕ್ಕೇ ಅಪಾಯವಿತ್ತು. ಈಗ ಮನುಷ್ಯರ ಪಕ್ಕದಲ್ಲೇ ದುಡಿಯುವ 'ಕೋಬಾಟ್'ಗಳು ಬಂದಿವೆ. ಮೈಗೆ ತಗಲಿದರೆ ಅವು ನಿಲ್ಲುತ್ತವೆ. ಅಮೆರಿಕದ ಬಿಎಂಡಬ್ಲ್ಯು ಕಾರ್ಖಾನೆಯಲ್ಲಿ ಕಾರಿನ ಬಾಗಿಲಿನ ಒಳಗೆ ತೇವ ತಡೆಯುವ ಹಾಳೆಯನ್ನು ಉರುಳೆಯಿಂದ ಬಲವಾಗಿ ಒತ್ತಿ ಅಂಟಿಸುವ ಕೆಲಸವಿತ್ತು. ಲಟ್ಟಣಿಗೆ ಹಿಡಿದು ನೂರಾರು ಚಪಾತಿ ಒತ್ತಿದವರಿಗೆ ಆ ನೋವು ಅರ್ಥವಾದೀತು. 2013ರಲ್ಲಿ ಅಲ್ಲಿ ಆ ಒತ್ತುವ ಕೆಲಸವನ್ನು ಕೋಬಾಟ್‌ಗೆ ವಹಿಸಲಾಯಿತು.

ಯಾವ ಕೆಲಸ ಕೈ ನೋಯಿಸುತ್ತದೆ, ಎಲ್ಲಿ ಯಂತ್ರ ಎಡವುತ್ತದೆ ಎಂಬುದು ಅಲ್ಲಿ ದುಡಿಯುವವರಿಗೆ ಗೊತ್ತಿರುವಷ್ಟು ಮತ್ತಾರಿಗೂ ಗೊತ್ತಿರದು. ಆದ್ದರಿಂದ ಯಂತ್ರವನ್ನು ರೂಪಿಸುವ ಮುನ್ನ ಮೊದಲು ಕೇಳಬೇಕಾದುದು ಅವರನ್ನೇ.

ಉಳಿದ ಸಮಯ ಯಾರದು?

ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಮಹಿಳೆಯರು. ಬಟ್ಟೆ ಮೃದು, ಹಿಡಿದರೆ ಮಡಚಿಕೊಳ್ಳುತ್ತದೆ, ಜಾರುತ್ತದೆ. ಆದ್ದರಿಂದ ತೋಳು, ಕಾಲರ್ ಜೋಡಿಸಿ ಹೊಲಿಯುವುದು ರೋಬೋಟ್‌ಗೆ ಇನ್ನೂ ಸುಲಭವಲ್ಲ. ಆದರೆ ನೂಲನ್ನು ತಾನೇ ಕತ್ತರಿಸುವ ಹೊಲಿಗೆ ಯಂತ್ರಗಳಿವೆ. ಪ್ರತಿ ಹೊಲಿಗೆಯಲ್ಲೂ ಅವು ಒಂದಿಷ್ಟು ಕ್ಷಣ ಉಳಿಸುತ್ತವೆ. ಆ ಕ್ಷಣಗಳು ಯಾರಿಗೆ ಸೇರಬೇಕು? ಆಕೆಯ ಬೆನ್ನಿಗೆ ತುಸು ಬಿಡುವಾಗಿಯೋ ಕೂಲಿಯಲ್ಲಿ ಏರಿಕೆಯಾಗಿಯೋ ಸಿಕ್ಕಿದರೆ ಯಂತ್ರ ನೆರವಾಯಿತೆನ್ನಬಹುದು. ಇನ್ನೂ ದೊಡ್ಡ ಟಾರ್ಗೆಟ್ ಆಗಿ ತಲೆಯ ಮೇಲೆ ಕುಳಿತರೆ, ಯಂತ್ರದ ವೇಗಕ್ಕೆ ಓಡುವ ಆಕೆಯೇ ಯಂತ್ರದ ಒಂದು ಭಾಗವಾಗಿಬಿಡುತ್ತಾಳೆ.

ನಿಮ್ಮ ಕೈಕೆಳಗೆ ದುಡಿಯುವವರು ನಿಮ್ಮ ಸಹೋದರರು, ಅವರ ಮೇಲೆ ಶಕ್ತಿ ಮೀರಿದ ಭಾರ ಹೊರಿಸಬಾರದು, ಹೊರಿಸಿದರೆ ನೀವೂ ಕೈಜೋಡಿಸಬೇಕು ಎಂಬುದು ಪ್ರವಾದಿ ಮುಹಮ್ಮದ್(ಸ)ರ ಬೋಧನೆ. ಯಂತ್ರಗಳ ಈ ಯುಗಕ್ಕೂ ಇದಕ್ಕಿಂತ ಒಳ್ಳೆಯ ಅಳತೆಗೋಲು ಬೇಕಿಲ್ಲ. ಭಾರ ಇಳಿಸುವ ಯಂತ್ರವನ್ನು ಸ್ವಾಗತಿಸೋಣ. ಭಾರ ಹೆಚ್ಚಿಸುವ ಯಂತ್ರವನ್ನು, ಅದನ್ನು ಹಾಗೆ ಬಳಸುವ ಯಜಮಾನನನ್ನು ಪ್ರಶ್ನಿಸೋಣ.