ನಿಮಗಿದು ಗೊತ್ತೇ? ಕರೆಂಟು ಬಂದಾಗಲೇ ಹುಷಾರು!

● ಕರೆಂಟು ಹೋದರೆ ಗೊಣಗುತ್ತೇವೆ, ಬಂದರೆ ಖುಷಿಪಡುತ್ತೇವೆ. ಕಂಪ್ಯೂಟರಿನ ಕಷ್ಟ ತಿರುಗುಮುರುಗು. ಲೈನಿಗೆ ಕರೆಂಟು ಮರಳಿದ ಕ್ಷಣ ಬೀದಿಯ ಫ್ರಿಜ್ಜು, ಪಂಪುಗಳೆಲ್ಲ ಒಟ್ಟಿಗೆ ಎದ್ದು ಕೂರುತ್ತವೆ. ವೋಲ್ಟೇಜು ಕುಸಿದು, ನೆಗೆದು, ಆಮೇಲೆ ತಹಬಂದಿಗೆ ಬರುತ್ತದೆ. ಹೋದ ಕೂಡಲೇ ಸ್ವಿಚ್ ಆರಿಸಿ, ಬಂದ ಮೇಲೆ ಐದು ನಿಮಿಷ ಬಿಟ್ಟು ಹಾಕಿ. ಇದಕ್ಕೆ ಕಾಸಿನ ಖರ್ಚೂ ಇಲ್ಲ.

● ನಮ್ಮ ಮನೆಗಳ ಕರೆಂಟು 230 ವೋಲ್ಟ್, 50 ಹರ್ಟ್ಸ್. ಒಂದು ಅಲೆಗೆ 20 ಮಿಲಿಸೆಕೆಂಡು. ಡೆಸ್ಕ್‌ಟಾಪಿಗೆ ಕರೆಂಟು ಒದಗಿಸುವ ಎಸ್‌ಎಂಪಿಎಸ್ ಡಬ್ಬಿಯ ಒಳಗಿರುವ ಕೆಪಾಸಿಟರು, ಕೂಡಿಟ್ಟ ಕರೆಂಟಿನಲ್ಲಿ ಸುಮಾರು 16 ಮಿಲಿಸೆಕೆಂಡು ದೂಡಬಲ್ಲದು. ಬಲ್ಬು ಮಿಣಕ್ಕೆಂದರೂ ಕಂಪ್ಯೂಟರು ಆರದೆ ಉಳಿಯುವುದು ಇದರಿಂದ. ಸಾಮಾನ್ಯ ಯುಪಿಎಸ್ 10 ಮಿಲಿಸೆಕೆಂಡಿನೊಳಗೇ ಬ್ಯಾಟರಿಗೆ ಹೊರಳುತ್ತದೆ.

● ‘ಮನೆಯಲ್ಲಿ ಇನ್ವರ್ಟರ್ ಇದೆ, ಆದರೂ ಕಂಪ್ಯೂಟರು ರೀಸ್ಟಾರ್ಟ್ ಆಗುತ್ತದೆ’ ಎನ್ನುವವರು ಒಮ್ಮೆ ಅದರ ಹಿಂಬದಿ ನೋಡಿ. ಬಹಳಷ್ಟು ಇನ್ವರ್ಟರುಗಳಲ್ಲಿ ‘ನಾರ್ಮಲ್’, ‘ಯುಪಿಎಸ್’ ಎಂದು ಬರೆದ ಪುಟ್ಟ ಸ್ವಿಚ್ ಇರುತ್ತದೆ. ನಾರ್ಮಲ್‌ನಲ್ಲಿ ಅದು ಬ್ಯಾಟರಿಗೆ ಹೊರಳುವುದು ನಿಧಾನ; ಫ್ಯಾನು, ಲೈಟುಗಳಿಗೆ ಅಷ್ಟು ಸಾಕು. ಯುಪಿಎಸ್‌ಗೆ ತಿರುಗಿಸಿದರೆ ಚುರುಕು.

● ಮೂರು ಪಿನ್ನಿನ ಪ್ಲಗ್‌ನಲ್ಲಿ ಒಂದು ಪಿನ್ ಮಾತ್ರ ಏಕೆ ಉದ್ದ? ಅದು ಅರ್ಥ್ ಪಿನ್. ಪ್ಲಗ್ ಹಾಕುವಾಗ ಎಲ್ಲಕ್ಕಿಂತ ಮೊದಲು ತಾಗಬೇಕು, ಕೀಳುವಾಗ ಎಲ್ಲಕ್ಕಿಂತ ಕೊನೆಗೆ ಬಿಡಬೇಕು ಎಂಬ ಲೆಕ್ಕ. ಆದರೆ ಗೋಡೆಯೊಳಗೆ ಅದು ಎಲ್ಲಿಗೆ ಸೇರಿದೆ? ನಮ್ಮನೆಯಲ್ಲಿ ಕಂಪ್ಯೂಟರಿನ ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು. ವೈರ್‌ಮನ್ ಬಂದು ಬೋರ್ಡ್ ಬಿಚ್ಚಿದರೆ, ಹಸಿರು ವೈರು ಯಾವುದಕ್ಕೂ ಸೇರದೆ ಸುರುಳಿ ಸುತ್ತಿಕೊಂಡು ಮೂಲೆಯಲ್ಲಿ ಆರಾಮಾಗಿ ಕೂತಿತ್ತು! ಅದೇ ಬೋರ್ಡಿಗೆ ಮೂರು ವರ್ಷದಿಂದ, ವೋಲ್ಟೇಜಿನ ಹೊಡೆತ ತಡೆಯುವ ದುಬಾರಿ ಸ್ಪೈಕ್ ಬಸ್ಟರ್ ಸಿಕ್ಕಿಸಿಕೊಂಡು ನಿಶ್ಚಿಂತೆಯಿಂದ ಇದ್ದೆವು. ಅರ್ಥ್ ಇಲ್ಲದ ಕಡೆ ಸ್ಪೈಕ್ ಬಸ್ಟರಿನದು ಅರ್ಧ ಕೆಲಸ.

● ಅರ್ಥಿಂಗ್ ಗುಂಡಿಗೆ ಉಪ್ಪು, ಇದ್ದಿಲು ತುಂಬುವುದು ಶಾಸ್ತ್ರಕ್ಕಲ್ಲ. ಇದ್ದಿಲು ತೇವ ಹಿಡಿದಿಡುತ್ತದೆ, ಉಪ್ಪು ಬೆರೆತ ತೇವ ಕರೆಂಟನ್ನು ಸಲೀಸಾಗಿ ನೆಲಕ್ಕಿಳಿಸುತ್ತದೆ. ಬೇಸಿಗೆಯಲ್ಲಿ ಗುಂಡಿ ಒಣಗಿದರೆ ಅರ್ಥಿಂಗೂ ಸೊರಗುತ್ತದೆ. ತುಳಸಿಗೆ ನೀರು ಹಾಕುವಾಗ ಅತ್ತಲೂ ಒಂದೆರಡು ಕೊಡ ಸುರಿಯಿರಿ.

● ಸ್ಪೈಕ್ ಬಸ್ಟರಿನ ಒಳಗೆ ಕೆಲಸ ಮಾಡುವುದು ಬಿಲ್ಲೆಯಂಥ ಪುಟ್ಟ ಭಾಗ, ಹೆಸರು ವ್ಯಾರಿಸ್ಟರ್. ಮುಖ್ಯವಾಗಿ ಜಿಂಕ್ ಆಕ್ಸೈಡಿನದು. ವೋಲ್ಟೇಜು ಮಿತಿ ಮೀರಿದರೆ ಬಾಗಿಲು ತೆರೆದು, ಹೆಚ್ಚಾದದ್ದನ್ನು ಬೇರೆ ದಾರಿಗೆ ಹರಿಸುತ್ತದೆ. ಪ್ರತಿ ಹೊಡೆತಕ್ಕೂ ಅದು ಒಂದಿಷ್ಟು ಸವೆಯುತ್ತದೆ. ಪೂರ್ತಿ ಸತ್ತ ಮೇಲೂ ಸಾಕೆಟ್ಟಿನಲ್ಲಿ ಕರೆಂಟು ಬರುತ್ತಲೇ ಇರಬಹುದು! ಹತ್ತು ವರ್ಷ ಹಳೆಯದಾದರೆ ಅದು ಬರೀ ಎಕ್ಸ್‌ಟೆನ್ಷನ್ ಬೋರ್ಡು ಎಂದೇ ತಿಳಿಯಿರಿ.

● ನಿಮ್ಮನೆ ಬಲ್ಬು ಇದ್ದಕ್ಕಿದ್ದಂತೆ ಧಗಧಗ, ಪಕ್ಕದ ಮನೆಯದು ಮಂಕೋ ಮಂಕು? ಕಂಬದಲ್ಲಿ ನ್ಯೂಟ್ರಲ್ ಕಟ್ ಆಗಿರಬಹುದು. ಆಗ 230 ವೋಲ್ಟ್ ಬರಬೇಕಾದ ಮನೆಗೆ 400ರ ಹತ್ತಿರ ನುಗ್ಗಬಲ್ಲದು. ಸ್ಪೈಕ್ ಬಸ್ಟರ್ ತಡೆಯುವುದು ಕ್ಷಣಮಾತ್ರದ ಹೊಡೆತವನ್ನು. ನಿಮಿಷಗಟ್ಟಲೆ ನಿಂತ ಹೈ ವೋಲ್ಟೇಜಿಗೆ ಅದೇ ಸುಟ್ಟುಹೋಗುತ್ತದೆ. ಮೊದಲು ಮೇನ್ ಸ್ವಿಚ್ ಆರಿಸಿ, ಆಮೇಲೆ ಲೈನ್‌ಮನ್‌ಗೆ ಫೋನು.

● ಸಿಡಿಲು ಕರೆಂಟಿನ ತಂತಿ ಹಿಡಿದೇ ಬರಬೇಕೆಂದಿಲ್ಲ. ಮಲೆನಾಡಿನಲ್ಲಿ ಗುಡುಗು ಕೇಳಿದರೆ ಲ್ಯಾಂಡ್‌ಲೈನಿನ ವೈರನ್ನೂ ಕಿತ್ತಿಡುತ್ತಿದ್ದರು. ತಾಮ್ರದ ಆ ವೈರಿನಲ್ಲಿ ಬಂದ ಹೊಡೆತ ಮೋಡೆಮ್ ದಾಟಿ ಕಂಪ್ಯೂಟರಿಗೂ ಇಳಿಯುತ್ತಿತ್ತು. ಆಪ್ಟಿಕಲ್ ಫೈಬರಿನ ಎಳೆ ಗಾಜಿನದು, ಅದರಲ್ಲಿ ಕರೆಂಟು ಹರಿಯದು. ರೂಟರಿನ ಅಡಾಪ್ಟರನ್ನು ಮಾತ್ರ ಮರೆಯದೆ ಕೀಳಬೇಕು. ಸಿಡಿಲಿನ ಮುನ್ಸೂಚನೆಗೆಂದೇ ಪುಣೆಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಇದೆ.

● ಕರೆಂಟು ಹೋದಾಗ ಹಾರ್ಡ್ ಡಿಸ್ಕಿನ ತಟ್ಟೆ ಇನ್ನೂ ಗಿರಗಿರ ತಿರುಗುತ್ತಿರುತ್ತದೆ. ಆ ಸುತ್ತಿನಲ್ಲೇ ಮೋಟಾರು ಪುಟ್ಟ ಜನರೇಟರಾಗಿ, ಹೆಡ್ಡನ್ನು ಸುರಕ್ಷಿತ ಜಾಗಕ್ಕೆ ಎಳೆದು ನಿಲ್ಲಿಸುತ್ತದೆ. ಎಂಥ ಜಾಣತನ! ಸೇವ್ ಮಾಡದ ನಿಮ್ಮ ಫೈಲನ್ನು ಮಾತ್ರ ಅದೂ ಉಳಿಸಿಕೊಡದು.

● ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಸಿಕ್ಕಿಸಬೇಡಿ. ಒಳಗಿನ ಹೀಟರ್ ಒಮ್ಮೆಲೇ ಸೆಳೆಯುವ ಕರೆಂಟಿಗೆ ಚಿಕ್ಕ ಯುಪಿಎಸ್ ಕೈಚೆಲ್ಲುತ್ತದೆ.

● 2012ರ ಜುಲೈ 31ರಂದು ಉತ್ತರ, ಪೂರ್ವ, ಈಶಾನ್ಯ ಭಾರತ ಕತ್ತಲಲ್ಲಿ ಮುಳುಗಿದಾಗ ಕರ್ನಾಟಕದ ದೀಪ ಆರಲಿಲ್ಲ. ದಕ್ಷಿಣದ ಗ್ರಿಡ್ ಆಗ ಪ್ರತ್ಯೇಕವಾಗಿತ್ತು. ಅದು ದೇಶದ ಉಳಿದ ಜಾಲದೊಂದಿಗೆ ಒಂದಾದದ್ದು 2013ರ ಡಿಸೆಂಬರ್ 31ರಂದು, ನಮ್ಮ ರಾಯಚೂರಿನಿಂದ ಸೋಲಾಪುರಕ್ಕೆ ಎಳೆದ 765 ಕೆವಿ ಲೈನಿನ ಮೂಲಕ.

● 600 ವಿಎ ಯುಪಿಎಸ್ ಅಂದರೆ 600 ವ್ಯಾಟ್ ಅಲ್ಲ, ಹೆಚ್ಚಾಗಿ 360 ವ್ಯಾಟ್. ಒಳಗಿರುವುದು ಸಾಮಾನ್ಯವಾಗಿ 12 ವೋಲ್ಟ್, 7 ಎಎಚ್ ಬ್ಯಾಟರಿ. ಹೊಸತರಲ್ಲಿ ಹದಿನೈದು ನಿಮಿಷ ಸಿಕ್ಕರೆ ಪುಣ್ಯ. ಸಿನಿಮಾ ಮುಗಿಸಲು ಸಾಲದು, ಫೈಲು ಸೇವ್ ಮಾಡಿ ಶಟ್‌ಡೌನ್ ಮಾಡಲು ಧಾರಾಳ ಸಾಕು. ಎರಡು ಮೂರು ವರ್ಷಕ್ಕೆ ಬ್ಯಾಟರಿಯ ಆಯಸ್ಸು ತೀರುತ್ತದೆ. ಹಾಕಿಸಿದ ತಾರೀಕನ್ನು ಮೇಲೇ ಬರೆದು ಅಂಟಿಸಿ. ಹಳೆಯದನ್ನು ಕಸದ ಗಾಡಿಗೆ ಎಸೆಯಬೇಡಿ, ಒಳಗೆ ಸೀಸವಿದೆ. ಬ್ಯಾಟರಿ ಅಂಗಡಿಯವರಿಗೇ ಕೊಡಿ, ಹೊಸದರ ಬೆಲೆಯಲ್ಲಿ ಒಂದಿಷ್ಟು ಮುರಿದುಕೊಳ್ಳುತ್ತಾರೆ.